ಲಾಡಿಯ ತುದಿಯ ಗಂಟು

ಮೊನ್ನೆ ಮೊಮ್ಮಗಳ ಶಾಲೆಯಲ್ಲಿ ನೃತ್ಯವಿತ್ತು. ನೃತ್ಯಕ್ಕೆ ಸೀರೆ ಬೇಕು, ಸೀರೆಗೆ ಲಂಗ ಬೇಕು, ಲಂಗಕ್ಕೆ ಲಾಡಿ ಬೇಕು. ಈಗಿನ ಮಕ್ಕಳಿಗೆ ಎಲ್ಲಕ್ಕೂ ಇಲಾಸ್ಟಿಕ್ ಆಗಿ ಲಾಡಿ ಪೋಣಿಸುವುದೇ ಗೊತ್ತಿಲ್ಲ. ಕುಮಟೆಯ ನಮ್ಮ ಮನೆಯ ಜಗುಲಿಯಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಸೇಫ್ಟಿ ಪಿನ್ನು ಸಿಕ್ಕಿಸಿ, ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಸರಿಸುತ್ತ ಹೋಗುವುದನ್ನು ತೋರಿಸಿಕೊಟ್ಟೆ. ಹುಡುಗಿ ಚುರುಕು. ಎರಡು ನಿಮಿಷದಲ್ಲಿ ತುದಿಯನ್ನು ಆಚೆ ಬಾಯಿಂದ ಎಳೆದಳು. ಎಳೆದವಳೇ, ಯಾರೂ ಹೇಳಿಕೊಡದೆ, ಆ ತುದಿಗೆ ಪುಟ್ಟದೊಂದು ಗಂಟು ಹಾಕಿದಳು.

ನಾನು ಅದನ್ನು ಅವಳ ಕೈಯಿಂದ ಕಸಿದುಕೊಂಡು ಉಗುರು ಹಾಕಿ ಬಿಚ್ಚಿಬಿಟ್ಟೆ.

"ಎಂತಕ್ಕೆ ಬಿಚ್ಚಿದ್ರಿ ಅಜ್ಜಿ? ಗಂಟು ಹಾಕದಿದ್ರೆ ನೂಲು ಬಿಡ್ತದಲ್ಲ."

"ತುದಿ ಮಡಚಿ ಹೊಲಿದು ಕೊಡ್ತೆ. ಗಂಟು ಬ್ಯಾಡ."

"ಎಂತಕ್ಕೆ ಬ್ಯಾಡ?"

ಸೂಜಿ ಹುಡುಕುವ ನೆಪದಲ್ಲಿ ಎದ್ದೆ. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ನನ್ನ ಕೈ ದಾಟಿದ ಯಾವ ಲಾಡಿಯ ತುದಿಯಲ್ಲೂ ಗಂಟಿಲ್ಲ. ಎಲ್ಲವನ್ನೂ ಮಡಚಿ ಹೊಲಿಯುತ್ತೇನೆ. ಸೊಸೆ ಇದನ್ನು ನನ್ನ ಅಚ್ಚುಕಟ್ಟುತನವೆಂದು ತಿಳಿದು ನೆಂಟರೆದುರು ಹೊಗಳುವುದೂ ಉಂಟು. ಬಂದ ಹೊಗಳಿಕೆಯನ್ನು ಯಾಕೆ ಬಿಡಲಿ ಎಂದು ನಾನೂ ಸುಮ್ಮನಿದ್ದೇನೆ. ಕಾರಣ ಬೇರೆಯೇ ಇದೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನನ್ನ ತವರು ಭಟ್ಕಳ. ಅಪ್ಪ ದರ್ಜಿ. ಪೇಟೆಯ ನವಾಯತ ಮುಸಲ್ಮಾನರ ಮನೆಗಳ ಕುರ್ತಾ, ಪಾಯಿಜಾಮ, ಹೆಣ್ಣುಮಕ್ಕಳ ಲಂಗ ಎಲ್ಲ ಅಪ್ಪನ ಮಶೀನಿನಲ್ಲೇ ಹೊಲಿಗೆಯಾಗುತ್ತಿದ್ದವು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನನ್ನು ಹೊನ್ನಾವರದ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಆಗ ಶರಾವತಿಗೆ ಸೇತುವೆಯಿರಲಿಲ್ಲ. ಬಸ್ಸು ಕಾಸರಕೋಡಿನ ದಡದಲ್ಲಿ ಇಳಿಸಿಬಿಡುತ್ತಿತ್ತು, ಅಲ್ಲಿಂದ ಲಾಂಚು. ಮೊದಲ ಸಲ ದಾಟುವಾಗ ನಾನು ಎಷ್ಟು ಅತ್ತೆನೆಂದರೆ, ಲಾಂಚಿನವನು ಅಪ್ಪನಿಗೆ, "ಹೊಳೆಯಲ್ಲಿ ನೀರು ಇದ್ದದ್ದೇ ಸಾಕು ಮಾರಾಯ್ರೆ, ಮಗಳಿಗೆ ಸುಮ್ನಿರೂಕೆ ಹೇಳಿ" ಎಂದಿದ್ದ.

ಕಾನ್ವೆಂಟಿನಲ್ಲಿ ಒಂಬತ್ತು ಮಂದಿ ಸಿಸ್ಟರುಗಳು, ಇಪ್ಪತ್ತರಷ್ಟು ಹುಡುಗಿಯರು. ರಾತ್ರಿ ಊಟ ಮುಗಿದ ಮೇಲೆ ಎಂಟು ಗಂಟೆಗೆ ಚಾಪೆಲಿನಲ್ಲಿ ದಿನದ ಕೊನೆಯ ಪ್ರಾರ್ಥನೆ. ಮೊದಲು ಕಣ್ಣು ಮುಚ್ಚಿ ದಿನವಿಡೀ ಮಾಡಿದ ತಪ್ಪುಗಳನ್ನು ಎಣಿಸಿಕೊಳ್ಳಬೇಕು. ನಾನು ಎಣಿಸುತ್ತಿದ್ದದ್ದು ಮಾರನೆಯ ದಿನದ ಲೆಕ್ಕದ ಪರೀಕ್ಷೆಗೆ ಇನ್ನೆಷ್ಟು ಗಂಟೆ ಎಂಬುದನ್ನು. ಆಮೇಲೆ ಲ್ಯಾಟಿನ್ ಕೀರ್ತನೆಗಳು. ಕೊನೆಗೆ ದೀಪಗಳನ್ನೆಲ್ಲ ಆರಿಸಿ, ಕನ್ಯಾ ಮರಿಯಮ್ಮನ ಪ್ರತಿಮೆಯೆದುರು ಒಂದೇ ಒಂದು ಹಣತೆ ಉಳಿಸಿ, ಎಲ್ಲರೂ ನಿಂತು ಆಕೆಗೊಂದು ಹಾಡು ಹೇಳುವುದು. ಹಾಡು ಮುಗಿಯಿತೆಂದರೆ ಮಹಾಮೌನ. ಮರುದಿನ ಬೆಳಗಿನ ಪೂಜೆ ಮುಗಿಯುವ ತನಕ, ಚೇಳು ಕಡಿದರೂ ಯಾರೂ ಬಾಯಿ ಬಿಡುವಂತಿಲ್ಲ.

ಆ ಕೊನೆಯ ಹಾಡು ವರ್ಷವಿಡೀ ಒಂದೇ ಅಲ್ಲ, ಕಾಲಕ್ಕೊಂದರಂತೆ ನಾಲ್ಕು. ಅರ್ಥ ನಮಗೆ ಒಂದಕ್ಕೂ ಗೊತ್ತಿರಲಿಲ್ಲ, ಹವೆ ಗೊತ್ತಿತ್ತು. ಕ್ರಿಸ್ಮಸ್ಸಿನ ಕಾಲದ್ದು ಹಾಡುವಾಗ ಹೊಳೆಯ ಮೇಲೆ ಮಂಜು ಕೂತಿರುತ್ತಿತ್ತು, ಕಾಲ ಕೆಳಗಿನ ಸಿಮೆಂಟು ತಣ್ಣಗೆ ಕೊರೆಯುತ್ತಿತ್ತು. ಫೆಬ್ರವರಿಯಿಂದ ಪಾಸ್ಕದ, ಅಂದರೆ ಈಸ್ಟರಿನ, ಮುಂಚಿನ ತನಕ, ಉಪವಾಸದ ತಪಸ್ಸುಕಾಲವೆಲ್ಲ, ಎರಡನೆಯದು. ಮಾವಿನ ಹೂವಿನ ವಾಸನೆ, ಮೀನಿಲ್ಲದ ಸಾರು. ಪಾಸ್ಕ ಹಬ್ಬದಿಂದ ಮೂರನೆಯದು. ಅದು ಕುಣಿಯುವ ಹಾಡು, ಹೇಳುತ್ತಿದ್ದ ಹಾಗೆ ಬೇಸಿಗೆ ರಜೆ ಬಂದುಬಿಡುತ್ತಿತ್ತು. ಆಮೇಲೆ ಮಳೆಗಾಲದ ಉದ್ದಕ್ಕೂ, ನವೆಂಬರಿನ ಕೊನೆಯವರೆಗೆ, ನಾಲ್ಕನೆಯದು. ಹೆಂಚಿನ ಮೇಲೆ ಬೀಳುವ ಮಳೆಗೆ ಸರಿಯಾಗಿ ಅಷ್ಟೇ ಉದ್ದ, ಅಷ್ಟೇ ದುಃಖ.

ಮೂರನೆಯದರ ವಿಷಯ ಸ್ವಲ್ಪ ಹೇಳಬೇಕು. ಅದರ ಮೊದಲ ಸಾಲಿನ ಕೊನೆಗೇ ಅಲ್ಲೆಲೂಯ ಎಂಬ ಪದ ಬರುತ್ತದೆ. ಹಬ್ಬದ ಸಂತೋಷದ ಪದ ಅದು. ತಪಸ್ಸುಕಾಲ ಹತ್ತಿರವಾದಾಗ ಆ ಪದವನ್ನು ಬೀಗ ಹಾಕಿ ಒಳಗಿಡುತ್ತಿದ್ದರು. ಪಾಸ್ಕದ ತನಕ ಪೂಜೆಯಲ್ಲಾಗಲಿ ಹಾಡಿನಲ್ಲಾಗಲಿ ಅದು ಕೇಳಿಸಬಾರದು. ನಮ್ಮ ಜೊತೆಯ ಕುಮಟೆಯ ಹುಡುಗಿಯೊಬ್ಬಳು ರಾತ್ರಿ ಕಂಬಳಿಯೊಳಗೆ ಮುಖ ಹುದುಗಿಸಿ, ಬೈಗುಳ ಹೇಳುವ ಹಾಗೆ ಅದನ್ನು ಪಿಸುಗುಟ್ಟಿ ನಗುತ್ತಿದ್ದಳು. ನಾವೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದೆವು, ಮುಚ್ಚಿಕೊಂಡೂ ಕೇಳುತ್ತಿದ್ದೆವು.

ಹಾಡು ಎತ್ತುವವರು ಸಿಸ್ಟರ್ ಆಂಜೆಲಾ. ಮೊದಲ ತುಣುಕನ್ನು ಅವರೊಬ್ಬರೇ ಹಾಡಬೇಕು, ಆಮೇಲೆ ಉಳಿದವರು ಸೇರಿಕೊಳ್ಳುವುದು. ಗೋವೆಯ ಕಡೆಯವರು, ಎಪ್ಪತ್ತು ದಾಟಿತ್ತು, ಎರಡೂ ಕಣ್ಣಿಗೆ ಪೊರೆ. ಗುಟ್ಟಾಗಿ ನಶ್ಯ ಏರಿಸುತ್ತಿದ್ದರು, ಆ ಗುಟ್ಟು ಇಡೀ ಬೋರ್ಡಿಂಗಿಗೆ ಗೊತ್ತಿತ್ತು. ಅವರ ಬಲಗೈ ಹೆಬ್ಬೆರಳ ಉಗುರು ಯಾವಾಗಲೂ ಕಂದು ಬಣ್ಣ. ಆ ದೇಹದೊಳಗಿಂದ ಅಷ್ಟು ನೇರವಾದ ದನಿ ಎಲ್ಲಿಂದ ಬರುತ್ತದೆಂದು ಹಿಂದಿನ ಬೆಂಚಿನಿಂದ ಅವರ ಬೆನ್ನನ್ನೇ ನೋಡುತ್ತಿದ್ದೆ. ನಾನು ಎಂಟನೇ ಇಯತ್ತೆಗೆ ಬಂದಾಗ, ಅವರನ್ನು ಕೈಹಿಡಿದು ಚಾಪೆಲಿಗೆ ಕರೆತಂದು ಪಕ್ಕದಲ್ಲೇ ಕೂರುವ ಕೆಲಸವನ್ನು ಕಾನ್ವೆಂಟಿನ ಹಿರಿಯರಾದ ನಮ್ಮ ಮದರ್ ನನಗೆ ಒಪ್ಪಿಸಿದರು. ಸಿಸ್ಟರ್ ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ಕೊಂಕಣಿಯಲ್ಲಿ ಹುಡುಗಿಯರನ್ನು ಕರೆಯುವ ಹಾಗೆ, ಬಾಯ್ ಎನ್ನುತ್ತಿದ್ದರು.

ಅದೇ ಜೂನಿನಲ್ಲಿ ಒಂದು ರಾತ್ರಿ, ಹೊರಗೆ ಧೋ ಎಂದು ಮಳೆ ಸುರಿಯುತ್ತಿರುವಾಗ, ಅವರು ಕ್ರಿಸ್ಮಸ್ಸಿನ ಹಾಡು ಎತ್ತಿಬಿಟ್ಟರು. ಮದರ್ ಕೆಮ್ಮಿ, ತಾವೇ ಸರಿಯಾದದ್ದನ್ನು ಶುರುಮಾಡಿದರು. ವಾರ ಕಳೆದು ಮತ್ತೆ ಹಾಗೇ ಆಯಿತು. ಹಾಡು ಅವರಿಗೆ ಮರೆತಿರಲಿಲ್ಲ, ನಾಲ್ಕೂ ಒಂದಕ್ಷರ ತಪ್ಪದೆ ಬರುತ್ತಿದ್ದವು. ಮರೆತದ್ದು ದಿನ, ತಿಂಗಳು, ಕಾಲ. ಮುದಿ ಸಿಸ್ಟರುಗಳನ್ನು ಇಟ್ಟುಕೊಳ್ಳುವ ಮನೆಯೊಂದು ದಕ್ಷಿಣದಲ್ಲಿತ್ತು, ಮಂಗಳೂರಿನಿಂದಲೂ ಆಚೆ. ಅದರ ಹೆಸರು ಊಟದ ಕೋಣೆಯಲ್ಲಿ ಮೆಲ್ಲಗೆ ಸುಳಿಯತೊಡಗಿತು.

"ನನ್ನನ್ನ ಅಲ್ಲಿಗೆ ಕಳಿಸ್ತಾರೇನೋ ಬಾಯ್," ಎಂದು ಒಮ್ಮೆ ಮೆಟ್ಟಿಲಿಳಿಯುವಾಗ ಸಿಸ್ಟರ್ ನನ್ನ ಕೈ ಬಿಗಿಹಿಡಿದರು. "ಅಲ್ಲಿ ಹಾಡೋದಿಲ್ಲ. ಮಲಗಿಸಿ ಇಡ್ತಾರೆ, ಅಷ್ಟೇ."

ಆ ಬಿಗಿ ನನ್ನ ಕೈಯಲ್ಲಿ ರಾತ್ರಿಯಿಡೀ ಇತ್ತು. ಕಿವಿಯಲ್ಲಿ ಪಿಸುಗುಟ್ಟಿ ತಿಳಿಸೋಣವೆಂದರೆ ಚಾಪೆಲಿನಲ್ಲಿ ಮಾತಿಲ್ಲ, ಸಾಲದ್ದಕ್ಕೆ ಅವರಿಗೆ ಕಿವಿಯೂ ಮಂದ. ಮೊದಲೇ ಹೇಳಿಟ್ಟರೆ ಕೀರ್ತನೆ ಮುಗಿಯುವಷ್ಟರಲ್ಲಿ ಹಾರಿಹೋಗುತ್ತಿತ್ತು. ಗಣೇಶ ಚೌತಿಯ ರಜೆಗೆ ಮನೆಗೆ ಹೋದಾಗ ಅಪ್ಪನಿಂದ ಗೇಣುದ್ದದ ನಾಲ್ಕು ತುಂಡು ಲಾಡಿ ಕೇಳಿದೆ.

"ಎಂತಕ್ಕೆ?"

"ಪುಸ್ತಕಕ್ಕೆ ಗುರುತು ಇಡೂಕೆ."

"ಅಷ್ಟು ಓದ್ತಿಯ ನೀನು?" ಎಂದರು ಅಪ್ಪ. ಆದರೂ ನೂಲು ಬಿಡದ ಹಾಗೆ ತುದಿಗಳನ್ನು ಮಡಚಿ ಮಶೀನಿನಲ್ಲಿ ಹೊಲಿದೇ ಕೊಟ್ಟರು.

ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರ ತನಕ. ದೀಪ ಆರಿಸುವಾಗ ಆ ಕಾಲದ ಲಾಡಿಯನ್ನು ಸಿಸ್ಟರ್ ಅಂಗೈಗೆ ಜಾರಿಸುತ್ತಿದ್ದೆ. ಅವರ ಹೆಬ್ಬೆರಳು ಜಪಮಣಿ ಎಣಿಸುವ ಹಾಗೆ ಗಂಟಿನ ಮೇಲೆ ಹರಿಯುತ್ತಿತ್ತು, ಹಾಡು ಸರಿಯಾಗಿ ಎದ್ದುಬರುತ್ತಿತ್ತು. ಮೆಟ್ಟಿಲ ಬಳಿ ಲಾಡಿ ವಾಪಸು ನನ್ನ ಜೇಬಿಗೆ. ಆರು ತಿಂಗಳು ಒಂದು ದಿನವೂ ತಪ್ಪಲಿಲ್ಲ. ದಕ್ಷಿಣದ ಮನೆಯ ಮಾತು ನಿಂತೇಹೋಯಿತು. ನನಗೆ ಒಳಗೊಳಗೇ ಜಂಬ.

ಮಾರ್ಚಿ ತಿಂಗಳು, ತಪಸ್ಸುಕಾಲದ ನಡುವೆ, ಮಂಗಳೂರಿನಿಂದ ದೊಡ್ಡ ಮದರ್ ತಪಾಸಣೆಗೆ ಬಂದರು. ಯಾರು ಎಲ್ಲಿರಬೇಕೆಂದು ನಿರ್ಧರಿಸುವವರು ಅವರೇ. ಅಂದು ಬೆಳಗಿನಿಂದ ಸಿಸ್ಟರ್ ಆಂಜೆಲಾ ಊಟ ಸರಿಯಾಗಿ ಮಾಡಲಿಲ್ಲ. ಹಿತ್ತಿಲಲ್ಲಿ ಬಸಳೆ ಚಪ್ಪರದ ಹತ್ತಿರ ಕೂತು ಬಳ್ಳಿ ಸವರುತ್ತಿದ್ದರು. "ಇವತ್ತು ಸರಿಯಾಗಿ ಕೊಡು ಬಾಯ್," ಎಂದು ಮೂರು ಸಲ ಹೇಳಿದರು. ತಾವೇ ಅಭ್ಯಾಸ ಮಾಡುತ್ತೇನೆಂದು ಎರಡು ಗಂಟಿನ ಲಾಡಿಯನ್ನು ಮಧ್ಯಾಹ್ನವೇ ಇಸಿದುಕೊಂಡರು.

ಎಂಟಕ್ಕೆ ಐದು ನಿಮಿಷವಿರುವಾಗ ಕೇಳಿದೆ, "ಲಾಡಿ ಎಲ್ಲಿ ಸಿಸ್ಟರ್?"

"ಯಾವ ಲಾಡಿ?"

ಜೇಬು ನೋಡಿದೆ, ದಿಂಬಿನಡಿ ನೋಡಿದೆ, ನಶ್ಯದ ಡಬ್ಬಿಯ ಕೆಳಗೂ ನೋಡಿದೆ. ಗಂಟೆ ಹೊಡೆಯಿತು. ನನ್ನ ಲಂಗದ ಲಾಡಿ ಉದ್ದವಿತ್ತು. ಹೊಲಿಗೆ ಬುಟ್ಟಿಯ ಕತ್ತರಿಯಿಂದ ಅದರ ತುದಿ ಕತ್ತರಿಸಿದೆ. ಗಡಿಬಿಡಿಯಲ್ಲಿ ಎರಡು ಗಂಟು ಹಾಕಿ, ಎಳೆದು ನೋಡಿ, ಗಟ್ಟಿಯಿದೆಯೆಂದು ಖಾತ್ರಿ ಮಾಡಿಕೊಂಡೆ. ಕತ್ತರಿಸಿದ ಕಡೆ ನೂಲು ಬಿಡುತ್ತಿತ್ತು. ದರ್ಜಿಯ ಮಗಳ ಕೈ. ನೂಲು ಬಿಡುವುದನ್ನು ಕಂಡರೆ ಅದಕ್ಕೆ ತಡೆಯದು. ನನ್ನನ್ನು ಕೇಳದೆಯೇ ಆ ತುದಿಗೊಂದು ಸಣ್ಣ ಗಂಟು ಬಿಗಿಯಿತು. ಬಿಗಿದದ್ದು ನನಗೆ ಗೊತ್ತೇ ಆಗಲಿಲ್ಲ.

ದೊಡ್ಡ ಮದರ್ ಮುಂದಿನ ಸಾಲಿನಲ್ಲಿ, ನಮಗೆ ಎದುರಾಗಿ ನಿಂತಿದ್ದರು. ದೀಪಗಳು ಆರಿದವು. ಲಾಡಿಯನ್ನು ಸಿಸ್ಟರ್ ಕೈಗೆ ಜಾರಿಸಿ ನಾನು ಉಸಿರು ಬಿಟ್ಟೆ. ಅವರು ದನಿ ಎತ್ತಿದರು.

ಪಾಸ್ಕದ ಹಾಡು.

ಕೈಯಲ್ಲಿ ಸರಿಯಾದ ಲಾಡಿ ಇದ್ದೂ ತಪ್ಪಿದರಲ್ಲ ಎಂದುಕೊಂಡೆ. ನೋಡಿ, ಮೊದಲು ಬಂದ ಯೋಚನೆ ಅದು, ತಪ್ಪು ಅವರದ್ದೆಂದು. ಯಾರೂ ಸೇರಿಕೊಳ್ಳಲಿಲ್ಲ. ಇಪ್ಪತ್ತೊಂಬತ್ತು ಬಾಯಿಗಳು ತೆರೆದು ಹಾಗೇ ನಿಂತವು. ಸಿಸ್ಟರ್ ಕ್ಷಣ ತಡೆದರು. ಹಣತೆಯ ಬೆಳಕಿನಲ್ಲಿ ಅವರ ಹೆಬ್ಬೆರಳು ಮತ್ತೆ ಲಾಡಿಯ ಮೇಲೆ ಸರಿಯುವುದು ನನಗೆ ಕಂಡಿತು. ಒಂದು. ಎರಡು. ಆಮೇಲೆ ತೀರಾ ತುದಿಗೆ ಹೋಗಿ ಅಲ್ಲೊಂದು ಸಲ ನಿಂತಿತು. ಮೂರು.

ಆ ಮೂರನೆಯದು ನನ್ನ ಕೈಯದೇ ಎಂದು ಆಗ ತಿಳಿಯಿತು. ಅವರಿಗೆ ಮಾತ್ರ ಅನುಮಾನ ಪರಿಹಾರವಾಯಿತು. ಉಳಿದವರು ಹಾಡಲಿ ಬಿಡಲಿ, ಲಾಡಿ ಹೇಳಿದ ಮೇಲೆ ಮುಗಿಯಿತು. ತಲೆಯೆತ್ತಿ ಒಬ್ಬರೇ ಮುಂದುವರಿಸಿದರು. ಬೀಗ ಹಾಕಿಟ್ಟ ಆ ಪದ ಚಾಪೆಲಿನ ಮಾಡಿನವರೆಗೆ ಏರಿತು. ನಾನಾದರೂ ದನಿ ಸೇರಿಸಿದ್ದರೆ ಇಬ್ಬರ ತಪ್ಪಾಗುತ್ತಿತ್ತು. ಬಾಯಿ ಮುಚ್ಚಿಕೊಂಡೆ. ನಮ್ಮ ಮದರ್ ತಪಸ್ಸುಕಾಲದ ಹಾಡನ್ನು ಮೊದಲಿನಿಂದ ಎತ್ತಿದರು, ಎಲ್ಲರೂ ಸೇರಿಕೊಂಡರು, ಸಿಸ್ಟರ್ ಆಂಜೆಲಾರ ದನಿ ನಡುವೆಯೇ ನಿಂತುಹೋಯಿತು. ಆಮೇಲೆ ಮಹಾಮೌನ. ಮಾತಾಡುವಂತಿಲ್ಲ ಎಂಬ ನಿಯಮಕ್ಕೆ ಅಂದು ನಾನು ಕೃತಜ್ಞಳಾಗಿದ್ದೆ. ಲಾಡಿ ವಾಪಸು ಕೇಳುವ ಧೈರ್ಯವೂ ಬರಲಿಲ್ಲ.

ಬೆಳಿಗ್ಗೆ ಪೂಜೆಯಾದ ಕೂಡಲೇ ಹೇಳಬೇಕೆಂದಿದ್ದೆ. ಕಾಫಿಯಾದ ಮೇಲೆ ಹೇಳೋಣ ಎಂದುಕೊಂಡೆ. ಕಾಫಿಯಾಗುವ ಮೊದಲೇ ಕರೆ ಬಂತು, ಸಿಸ್ಟರನ್ನು ಕೈಹಿಡಿದು ದೊಡ್ಡ ಮದರ್ ಕೂತಿದ್ದ ಕೋಣೆಗೆ ಕರೆದೊಯ್ದೆ. ನಮ್ಮ ಮದರ್ ಬಾಗಿಲ ಬಳಿ ನಿಂತಿದ್ದರು. ದೊಡ್ಡ ಮದರ್ ಕೆಟ್ಟವರಲ್ಲ. ಎದ್ದು ಕುರ್ಚಿ ಕೊಟ್ಟರು. ತುಂಬ ಮೆಲ್ಲಗೆ ಕೇಳಿದರು: "ಸಿಸ್ಟರ್, ಈಗ ನಾವು ಯಾವ ಕಾಲದಲ್ಲಿ ಇದ್ದೇವೆ?"

ಸಿಸ್ಟರ್ ಎಡಗೈ ನನ್ನ ಕೈಯೊಳಗಿತ್ತು. ಎರಡು ಸಲ ಒತ್ತಿದ್ದರೆ ಸಾಕಿತ್ತು. ಅವರ ಬೆರಳುಗಳು ಅದಕ್ಕೇ ಕಾಯುತ್ತಿದ್ದವು, ನನಗೆ ತಿಳಿಯುತ್ತಿತ್ತು. ಆದರೆ ದೊಡ್ಡ ಮದರ್ ನಮ್ಮ ಕೈಗಳನ್ನೇ ನೋಡುತ್ತಿದ್ದರು. ನನ್ನ ಕೈ ಕಟ್ಟಿಗೆಯಾಯಿತು.

ಸಿಸ್ಟರ್ ಸ್ವಲ್ಪ ಕಾದು, ಬಲಗೈಯನ್ನು ಜೇಬಿಗೆ ಹಾಕಿದರು. ಜೇಬಿನ ಬಟ್ಟೆಯೊಳಗೆ ಹೆಬ್ಬೆರಳು ಸರಿದಾಡಿತು. ಮುಖ ಹಗುರಾಯಿತು.

"ಪಾಸ್ಕದ ಕಾಲ, ಮದರ್."

ದೊಡ್ಡ ಮದರ್ ಕಣ್ಣು ಮುಚ್ಚಿ ತೆರೆದರು. "ಆಯಿತು ಸಿಸ್ಟರ್," ಎಂದರು. ಅಷ್ಟೇ. ಹೊರಗೆ ಬಂದ ಮೇಲೆ ಸಿಸ್ಟರ್ ನನ್ನನ್ನು ಕೇಳಿದರು, "ಸರಿ ಹೇಳಿದೆನಲ್ಲ ಬಾಯ್?"

ನಾನು ಹೂಂ ಎಂದೆ. ಓದುವವರೇ, ಆ ಹೂಂ ಒಂದನ್ನು ಮಾತ್ರ ನಾನು ಯಾರೆದುರೂ ಮೊನ್ನೆಯವರೆಗೆ ಹೇಳಿರಲಿಲ್ಲ.

ಹತ್ತು ದಿನವಾದ ಮೇಲೆ ನಮ್ಮ ಮದರ್ ಹತ್ತಿರ ಹೋಗಿ ಉಳಿದದ್ದನ್ನೆಲ್ಲ ಹೇಳಿದೆ. ಪಾಸ್ಕಕ್ಕೆ ವಾರ ಮುಂಚೆ ಬರುವ ಗರಿಗಳ ಭಾನುವಾರಕ್ಕೆ ತೆಂಗಿನ ಸಿರಿ, ಅಂದರೆ ಎಳೆಯ ಗರಿ, ಬಿಡಿಸುತ್ತ ಕೂತಿದ್ದರು. ಕೈ ನಿಲ್ಲಿಸಲಿಲ್ಲ.

"ನಿನ್ನ ಲಾಡಿಗಳು ನನಗೆ ಮೊದಲಿನಿಂದ ಗೊತ್ತು. ನಾನು ನೋಡಿಯೂ ನೋಡದ ಹಾಗೆ ಇದ್ದೆ, ಅವರು ಇಲ್ಲೇ ಇರಲಿ ಅಂತ."

"ಹಾಗಾದ್ರೆ ಈಗ ದೊಡ್ಡ ಮದರ್‌ಗೆ ಬರೀರಿ, ಮದರ್. ತಪ್ಪು ನಂದು ಅಂತ."

"ಏನಂತ ಬರೀಲಿ? ಹುಡುಗಿ ಗಂಟು ಹಾಕಿ ಕೊಡದಿದ್ರೆ ಸಿಸ್ಟರ್‌ಗೆ ಕಾಲ ತಿಳಿಯೋದಿಲ್ಲ ಅಂತಲೇ?" ಒಂದು ಗರಿ ಬಿಡಿಸಿ ಪಕ್ಕಕ್ಕಿಟ್ಟರು. "ಆ ಕೋಣೆಯಲ್ಲೇ ಬಾಯಿ ಬಿಟ್ಟಿದ್ರೆ ನಾನು ಏನಾದ್ರೂ ಸೇರಿಸಿ ಮಾತಾಡ್ತಿದ್ದೆ. ನಿನ್ನೆ ಕಾಗದ ಬಂದಾಯ್ತು. ಹಬ್ಬದ ವಾರ ಮುಗಿದ ಮೇಲೆ ಕಳಿಸಬೇಕು."

ಅಡುಗೆಮನೆಯ ಮಾಂಕಾಳಿ ಹಳದೀಪುರದ ಕಡೆಯ ವಿಧವೆ. ಚಾಪೆಲಿನೊಳಗೆ ಎಂದೂ ಕಾಲಿಟ್ಟವಳಲ್ಲ. ರಾತ್ರಿಯ ಹಾಡು ಕೇಳಿದ ಮೇಲೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಹಿಂಬಾಗಿಲು ಹಾಕುವುದು ಅವಳ ಕ್ರಮ. ಶುಭ ಶುಕ್ರವಾರದ ಗಂಜಿಗೆ ಬಸಳೆ ಕೊಯ್ಯಲು ಹೋದವಳು ನನ್ನನ್ನು ಕರೆದಳು.

"ಹೋಯ್, ಬಾ ಇಲ್ಲಿ. ಇದು ನಿಮ್ಮ ಪದದ ಲಾಡಿ ಅಲ್ಲನ? ಅಮ್ಮ ಇದ್ರಲ್ಲಿ ಬಳ್ಳಿ ಕಟ್ಟಿರು."

ಎರಡು ಗಂಟು, ಅಪ್ಪನ ಹೊಲಿಗೆ. ಬಳ್ಳಿ ಅದರ ಮೇಲೆ ಗೇಣುದ್ದ ಬೆಳೆದಿತ್ತು. ಬಿಚ್ಚಿ ಜೇಬಿಗೆ ಹಾಕಿಕೊಂಡೆ.

"ನಿಂಗೆ ಹೇಗೆ ಗೊತ್ತು?"

"ನಂಗೆ ಕಣ್ಣಿಲ್ಲನ, ಕಿವಿ ಇಲ್ಲನ? ಆ ದೊಡ್ಡಮ್ಮ ಬಂದ ದಿವ್ಸ ಹಬ್ಬದ ಪದ ಶುರುವಾತು. ಒಲೆ ಮುಂದೆ ಕೂತವ್ಳು ಎದ್ದು ನಿಂತೆ ನಾನು." ಬಸಳೆಯನ್ನು ಮಡಿಲಿಗೆ ತುಂಬಿಕೊಂಡಳು. "ಇರ್ಲಿ. ಎಷ್ಟು ಲಾಯ್ಕ ಹೇಳಿರು ಅಮ್ಮ. ಒಬ್ರೇ."

ಪಾಸ್ಕದ ರಾತ್ರಿ ಅಪ್ಪ ಹೊಲಿದ ಮೂರು ಗಂಟಿನ ಲಾಡಿಯನ್ನೇ ಸಿಸ್ಟರ್ ಕೈಗೆ ಕೊಟ್ಟೆ. ಅವರು ಎತ್ತಿದರು, ಎಲ್ಲರೂ ಸೇರಿಕೊಂಡರು. ನಾನು ಸೇರಿಕೊಳ್ಳಲಾರದೆ ನಿಂತಿದ್ದೆ. ನಾನು ಹಾಡದಿದ್ದದ್ದು ಯಾರಿಗೂ ತಿಳಿಯಲಿಲ್ಲ, ಅಷ್ಟು ದನಿಗಳಿದ್ದವು.

ಅವರು ಹೊರಟ ಬೆಳಿಗ್ಗೆ ಲಾಂಚು ನಿಲ್ಲುವ ಧಕ್ಕೆಯ ತನಕ ಕೈಹಿಡಿದು ಕರೆದೊಯ್ದವಳು ನಾನೇ. ಪೆಟ್ಟಿಗೆ ಲಾಂಚಿಗೆ ಏರಿಯಾಗಿತ್ತು, ಜೊತೆಗೆ ಹೋಗುವ ಸಿಸ್ಟರ್ ಮುಂದೆ ಹೋಗಿ ಜಾಗ ಹಿಡಿದಿದ್ದರು.

"ಲಾಡಿ ಎಲ್ಲ ಕೊಡು ಬಾಯ್. ಅಲ್ಲಿ ಯಾರಾದ್ರೂ ಕೈಗಿಡ್ತಾರೋ ನೋಡೋಣ."

ನಾಲ್ಕನ್ನೂ ಕೊಟ್ಟೆ. ಒಂದೊಂದನ್ನೇ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಜೇಬಿನಿಂದ ಐದನೆಯದನ್ನು ತೆಗೆದು ಅದನ್ನೂ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಮೂರು ಎರಡಿವೆಯಲ್ಲ ಬಾಯ್."

ನಾನು ಹೇಳಿದೆ. "ಅದು ಎರಡು, ಸಿಸ್ಟರ್. ತುದಿಯದ್ದು ನೂಲು ಬಿಡಬಾರ್ದು ಅಂತ ಹಾಕಿದ್ದು. ನಾನೇ ಹಾಕಿದ್ದು."

ಲಾಂಚಿನವನು, "ಹೊತ್ತಾತು, ಬನ್ನಿ ಅಮ್ಮ" ಎಂದು ಕೂಗಿದ. ಸಿಸ್ಟರ್ ಕದಲಲಿಲ್ಲ. ನಶ್ಯದ ಬಣ್ಣದ ಆ ಉಗುರನ್ನು ತುದಿಯ ಗಂಟಿಗೆ ಹಾಕಿ ಬಿಡಿಸತೊಡಗಿದರು. ತಿಂಗಳಿನಿಂದ ಬೆರಳು ತಿಕ್ಕಿ ಬಿಗಿದುಹೋಗಿದ್ದ ಗಂಟು. ಲಾಂಚಿನವನು ಇನ್ನೆರಡು ಸಲ ಕೂಗಿದ. ನನಗೆ ಅಳು ಬರುತ್ತಿತ್ತು, ಅತ್ತರೆ ಅವರಿಗೆ ಕೈ ತಪ್ಪುತ್ತದೆಂದು ತಡೆದುಕೊಂಡೆ. ಕೊನೆಗೂ ಬಿಚ್ಚಿತು. ಉಳಿದೆರಡನ್ನು ಒಮ್ಮೆ ಸವರಿ, ಲಾಡಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ನೂಲು ಬಿಟ್ಟರೆ ಬಿಡಲಿ ಬಾಯ್," ಎಂದರು.

ಲಾಂಚು ಕಾಸರಕೋಡಿನ ಕಡೆ ಹೋಯಿತು. ಅಲ್ಲಿ ಅವರ ಕೈಗೆ ಲಾಡಿ ಇಡುವವರು ಸಿಕ್ಕಿದರೋ ಇಲ್ಲವೋ ನನಗೆ ತಿಳಿಯದು. ನಾಲ್ಕೈದು ವರ್ಷಗಳೊಳಗೆ ಎಲ್ಲ ಕಡೆ ಲ್ಯಾಟಿನ್ ನಿಂತು, ಪ್ರಾರ್ಥನೆ ನಮ್ಮ ನಮ್ಮ ಭಾಷೆಗೆ ಬಂತು. ಅರ್ಥವಾಗುವ ಹಾಡುಗಳು ಬಂದದ್ದು ಒಳ್ಳೆಯದೇ. ನಾನು ಮದುವೆಯಾಗಿ ಕುಮಟೆಗೆ ಬಂದೆ, ಹೊಲಿದೆ, ಬೇಯಿಸಿದೆ. ಯಾವ ಲಾಡಿ ಕೈಗೆ ಬಂದರೂ ತುದಿ ಮಡಚಿ ಹೊಲಿದೆ. ಗಂಟು ಹಾಕಲಿಲ್ಲ, ನೂಲು ಬಿಡಲೂ ಬಿಡಲಿಲ್ಲ. ಸಿಸ್ಟರ್ ಹೇಳಿದ್ದು ಹಾಗಲ್ಲ ಎಂಬುದು ಮೊನ್ನೆ ಮೊಮ್ಮಗಳ ಗಂಟು ಬಿಚ್ಚಿದ ಮೇಲೆ ಹೊಳೆಯಿತು. ಗಂಟು ಬೇಡವೆಂದು ಅವರು ಅನ್ನಲಿಲ್ಲ. ಹೆಚ್ಚಾದ ಒಂದನ್ನು ಮಾತ್ರ ಬಿಚ್ಚಿದರು.

ಸೂಜಿ ಹುಡುಕಲು ಎದ್ದವಳು ಕಪಾಟಿನಿಂದ ಹಳೆಯ ಬಿಸ್ಕೀಟು ಡಬ್ಬಿ ತೆಗೆದುಕೊಂಡು ಬಂದೆ. ಮೊಮ್ಮಗಳು ಅದರೊಳಗಿನ ತುಂಡು ಲಾಡಿ ಎತ್ತಿ ನೋಡಿದಳು.

"ಇದು ಎಂತ ಅಜ್ಜಿ?"

"ಈ ಕಾಲದ ಹಾಡು." ಈಗಲೂ ತಪಸ್ಸುಕಾಲವೇ ನಡೆದಿದೆ. ಮೊದಲ ತುಣುಕನ್ನು ಸಣ್ಣಗೆ ಹೇಳಿ ತೋರಿಸಿದೆ. ನನ್ನ ದನಿ ಈಗ ಸೌದೆ ಎಳೆದ ಹಾಗೆ. ಹುಡುಗಿ ನಗಲಿಲ್ಲ, ಅವಳ ದೊಡ್ಡ ಗುಣ. ಆಮೇಲೆ ಆ ಹೂಂ ಅಂದದ್ದೂ ಸೇರಿ ಎಲ್ಲವನ್ನೂ ಅವಳಿಗೆ ಹೇಳಿದೆ.

ಕೇಳಿ ಮುಗಿಸಿ ಅವಳು ತನ್ನ ಲಂಗವನ್ನು ತೊಡೆಯ ಮೇಲೆ ಎಳೆದುಕೊಂಡಳು. "ಹಾಗಾದ್ರೆ ನಾನೀಗ ತುದಿಗೆ ಗಂಟು ಹಾಕ್ಲೋ ಬೇಡ್ವೋ?"

"ಹಾಕು," ಎಂದೆ.

ಅವಳು ಹಾಕಿದಳು. ನಾನು ಡಬ್ಬಿಯ ಲಾಡಿಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಸವರಿದೆ. ತುದಿ ನೂಲು ಬಿಟ್ಟು ಬಿಟ್ಟು ಅರ್ಧ ಬೆರಳಿನಷ್ಟು ಕುಚ್ಚಾಗಿದೆ. ಗಂಟು ಎರಡೂ ಹಾಗೇ ಇವೆ.